ಕಿಟಕಿಯ ಒಳಮುಖ

ಡಿಸೆಂಬರ್ 2, ಮಂಗಳವಾರ

ಈ ನೋಟ್‌ಬುಕ್ಕನ್ನು ಇವರು ತಂದುಕೊಟ್ಟರು. ‘ನನ್ನ ಮೇಲೆ ಹಾರಾಡೋ ಬದಲು ಇದರಲ್ಲಿ ಹಾರಾಡು, ಇದು ತಿರುಗಿ ಮಾತಾಡಲ್ಲ’ ಅಂದರು. ಅಂದವರೇ ಡ್ಯೂಟಿಗೆ ಹೊರಟುಹೋದರು. ರೈಲಿನ ಗಾರ್ಡ್‌ಗೆ ಹೆಂಡತಿಯ ಕಾಲು ಮುರಿದರೂ ಒಂದೇ, ನೆಟ್ಟಗಿದ್ದರೂ ಒಂದೇ. ಹಸಿರು ಬಾವುಟ ತೋರಿಸಿ ಹೊರಟೇಬಿಡುತ್ತಾರೆ. ಇನ್ನು ಮೂರು ದಿನ ಬಿಟ್ಟು ಬರುತ್ತಾರೆ.

ಹತ್ತೊಂಬತ್ತು ವರ್ಷದಿಂದ ಏಣಿ ಹತ್ತಿ ಇಳಿದವಳು ನಾನು. ಬಟ್ಟೆ ಅಂಗಡಿಯ ನಾಲ್ಕು ದೊಡ್ಡ ಗಾಜಿನ ಕಿಟಕಿಗಳನ್ನು ಅಲಂಕರಿಸುವುದೇ ನನ್ನ ಕೆಲಸ. ಡಿಸೆಂಬರ್ ಅಂದರೆ ನನ್ನ ತಿಂಗಳು. ಬಸ್ಸಿನಲ್ಲಿ ಹೋಗುವವರು ಕತ್ತು ತಿರುಗಿಸಿ ನೋಡಬೇಕು, ಹಾಗೆ ಮಾಡುತ್ತಿದ್ದೆ. ಹೋದ ಗುರುವಾರ ದೊಡ್ಡ ನಕ್ಷತ್ರ ಕಟ್ಟುವಾಗ ಬಿದ್ದೆ. ಅದೂ ಮೂರನೇ ಮೆಟ್ಟಿಲಿನಿಂದ. ಹತ್ತನೇ ಮೆಟ್ಟಿಲಿನಿಂದ ಬಿದ್ದಿದ್ದರೆ ಹೇಳಿಕೊಳ್ಳುವುದಕ್ಕಾದರೂ ಒಂದು ಮರ್ಯಾದೆ ಇರುತ್ತಿತ್ತು. ಪಾದದ ಗಂಟಿನ ಹತ್ತಿರ ಮೂಳೆ ಮುರಿದಿದೆ. ನಾಲ್ಕು ವಾರ ಪ್ಲಾಸ್ಟರ್. ನನ್ನ ಕಿಟಕಿಗಳನ್ನು ಈಗ ಹೊಸ ಹುಡುಗಿಯೊಬ್ಬಳು ಮಾಡುತ್ತಿದ್ದಾಳೆ. ಅವಳಿಗೆ ಬಿಳಿಗೂ ಕೆನೆಬಣ್ಣಕ್ಕೂ ವ್ಯತ್ಯಾಸ ಗೊತ್ತಿಲ್ಲ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಮೂರನೇ ಮಹಡಿಯ ಈ ಮನೆಯಲ್ಲಿ ಇಡೀ ದಿನ ನನ್ನ ಜೊತೆ ಇರುವವರು ಇನ್‌ಸ್ಪೆಕ್ಟರಮ್ಮ. ಇದು ನಮ್ಮ ಅತ್ತೆಗೆ ನಾನಿಟ್ಟ ಹೆಸರು, ಈ ಪುಸ್ತಕದಲ್ಲಿ ಮಾತ್ರ. ಕಣ್ಣು ಮಂಜಾಯಿತೆಂದು ಎಂಟು ತಿಂಗಳ ಹಿಂದೆ ಬಂದವರು. ಕಣ್ಣು ಮಂಜಾದರೂ ತಪ್ಪು ಮಾತ್ರ ಚೆನ್ನಾಗಿ ಕಾಣುತ್ತದೆ. ಟವೆಲ್ ಮಡಿಚಿದ್ದು ಸರಿಯಿಲ್ಲ, ನಲ್ಲಿ ತಿರುಗಿಸಿದ್ದು ಸರಿಯಿಲ್ಲ, ಊರುಗೋಲು ಊರುವುದೂ ಸರಿಯಿಲ್ಲವಂತೆ. ಅದನ್ನು ನಾಲ್ಕು ದಿನದಲ್ಲಿ ಎಷ್ಟು ಸರಿಯಾಗಿ ಊರಬೇಕು ನಾನು?

ಇನ್ನೊಂದು. ನನ್ನ ಜೊತೆ ಮಾತಾಡುವಾಗ ಅವರು ನನ್ನ ಮುಖ ನೋಡುವುದಿಲ್ಲ. ನನ್ನ ಕಿವಿಯನ್ನೋ, ಹಿಂದಿನ ಗೋಡೆಯನ್ನೋ ನೋಡಿಕೊಂಡು ಮಾತಾಡುತ್ತಾರೆ. ಸೊಸೆಯ ಮುಖ ನೋಡುವಷ್ಟೂ ಬೆಲೆಯಿಲ್ಲ. ಎಂಟು ತಿಂಗಳು ತುಟಿ ಪಿಟಕ್ಕೆನ್ನದೆ ಸಹಿಸಿದ್ದೇನೆ.

ಡಿಸೆಂಬರ್ 3, ಬುಧವಾರ

ಇನ್‌ಸ್ಪೆಕ್ಟರಮ್ಮ ಸ್ನಾನಕ್ಕೆ ಹೋದಾಗ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ನಾದಿನಿಗೆ ಫೋನ್ ಮಾಡಿದೆ. ‘ನನ್ನ ಕಾಲು ಹೀಗಾಗಿದೆ, ಅಮ್ಮನನ್ನ ನೋಡ್ಕೊಳ್ಳೋಕೆ ಆಗ್ತಿಲ್ಲ, ನೀನು ಕರ್ಕೊಂಡು ಹೋಗ್ತೀಯ?’ ಅಂದೆ. ಅವಳು ‘ಎಷ್ಟು ದಿನಕ್ಕೆ ಅತ್ತಿಗೆ?’ ಅಂದಳು. ‘ನಿನಗೆ ಎಷ್ಟು ದಿನ ಆಗತ್ತೋ ಅಷ್ಟು’ ಅಂದೆ. ಅವಳಿಗೆ ಅರ್ಥವಾಯಿತು, ದಡ್ಡಿಯಲ್ಲ. ಇಪ್ಪತ್ತಾರಕ್ಕೆ ಬಂದು ಇಪ್ಪತ್ತೇಳರ ಮಧ್ಯಾಹ್ನದ ರೈಲಿಗೆ ಕರೆದುಕೊಂಡು ಹೋಗುತ್ತಾಳೆ. ಅವರ ಮನೆಯಲ್ಲಿ ಲಿಫ್ಟ್ ಇದೆ, ಒಂದು ಕೋಣೆ ಖಾಲಿ ಇದೆ, ಅವಳು ಮನೆಯಲ್ಲೇ ಕೂತು ಲೆಕ್ಕ ಬರೆಯುವ ಕೆಲಸದವಳು. ಎಲ್ಲ ದೃಷ್ಟಿಯಿಂದಲೂ ಒಳ್ಳೆಯದೇ.

ಇವರಿಗೂ ಹೇಳಿದೆ. ಫೋನಿನಲ್ಲಿ ‘ಹ್ಞೂಂ’ ಅಂದರು. ಇವರ ಹ್ಞೂಂ ಎಂದರೆ ಹೌದು ಅಂತಲೂ ಅಲ್ಲ, ಬೇಡ ಅಂತಲೂ ಅಲ್ಲ, ಸಿಗ್ನಲ್ ಬಂತು ಅಂತ.

ತಲೆಯ ಮೇಲಿನ ಭಾರ ಇಳಿದ ಹಾಗಿದೆ. ಇಪ್ಪತ್ನಾಲ್ಕು ದಿನ.

ಡಿಸೆಂಬರ್ 6, ಶನಿವಾರ

ಕೈಕಟ್ಟಿ ಕೂರುವುದು ನನ್ನಿಂದ ಆಗದು. ಹೊಸ ಹುಡುಗಿ ಅಲ್ಲಿ ಏನು ಮಾಡಿಟ್ಟಿದ್ದಾಳೋ ಎಂದು ಯೋಚಿಸಿ ಯೋಚಿಸಿ ಹೊಟ್ಟೆ ಉರಿಯುತ್ತದೆ. ಇವತ್ತು ಬೆಳಗ್ಗೆ ಒಂದು ಯೋಚನೆ ಬಂತು. ಊರಿನವರ ಕಣ್ಣಿಗೆಲ್ಲ ಕ್ರಿಸ್‌ಮಸ್ ಮಾಡಿದ್ದೇನೆ, ನನ್ನ ಮನೆಗೆ ಒಂದು ವರ್ಷವೂ ಮಾಡಿಲ್ಲ. ಪ್ರತಿ ವರ್ಷ ಇಪ್ಪತ್ನಾಲ್ಕರ ಸಂಜೆ ಸುಸ್ತಾಗಿ ಬಂದು, ಅಂಗಡಿಯಲ್ಲಿ ಉಳಿದ ಒಂದು ತುಂಡು ಜರಿ ರಿಬ್ಬನ್ನನ್ನು ಟೀವಿಯ ಮೇಲೆ ಎಸೆದು ಮಲಗುತ್ತಿದ್ದೆ. ಈ ಸಲ ನಮ್ಮ ನಡುಮನೆಯ ಕಿಟಕಿ.

ಸಾಮಾನು ಹೊಸದಾಗಿ ತರಬಾರದು ಎಂದು ನಿಶ್ಚಯಿಸಿದೆ. ಕಪಾಟಿನ ಮೇಲೆ ವರ್ಷಗಳಿಂದ ಮಡಿಚಿಟ್ಟ ಕಂದು ಬಣ್ಣದ ಸುತ್ತುವ ಕಾಗದ ಇತ್ತು, ಬಿಳಿ ದಾರದ ಉಂಡೆ ಇತ್ತು. ಇವರು ರೈಲು ದಾರಿಯ ಪಕ್ಕ ಕಡಿದು ಹಾಕಿದ್ದ ಪೈನ್ ಕೊಂಬೆಗಳನ್ನು ಹೊತ್ತು ತಂದರು. ಚಕ್ರದ ಕುರ್ಚಿಯಲ್ಲಿ ಕೂತು, ಒಂದು ಕಾಲಿನಲ್ಲಿ ನೆಲವನ್ನು ತಳ್ಳಿಕೊಂಡು ಕಿಟಕಿಯ ಉದ್ದಕ್ಕೂ ಓಡಾಡಿದೆ. ಕೊಂಬೆಗಳನ್ನು ಅಡ್ಡಕ್ಕೆ ಕಟ್ಟಿ, ಕಾಗದದ ಏಳು ನಕ್ಷತ್ರ ಕತ್ತರಿಸಿದೆ. ಎಲ್ಲಕ್ಕಿಂತ ದೊಡ್ಡದು ನಟ್ಟನಡುವೆ. ಕಣ್ಣು ಮೊದಲು ಹೋಗುವುದು ನಡುವಿಗೆ, ಇದು ನಮ್ಮ ಕಸುಬಿನ ಮೊದಲ ಪಾಠ. ಕೆಳಗೆ ಜಾಮ್ ಬಾಟಲಿಗಳಲ್ಲಿ ಉಪ್ಪು ತುಂಬಿ ಮೇಣದ ಬತ್ತಿ ನಿಲ್ಲಿಸಿದೆ. ಉಪ್ಪು ಹಿಮದ ಹಾಗೇ ಕಾಣುತ್ತದೆ, ನೆಕ್ಕಿ ನೋಡುವವರೆಗೆ.

ಎರಡು ಗಂಟೆಯ ಕೆಲಸಕ್ಕೆ ಒಂದು ದಿನ ಹಿಡಿಯಿತು. ಆದರೂ ಬಹಳ ಚೆನ್ನಾಗಿ ಬಂದಿದೆ, ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ.

ಡಿಸೆಂಬರ್ 7, ಭಾನುವಾರ

ಎದುರಿನ ಗಡಿಯಾರ ರಿಪೇರಿಯವರು ಬೆಳಗ್ಗೆ ಅಂಗಡಿಯ ಮುಂದೆ ನಿಂತು ಕೂಗಿದರು: ‘ಮೇಡಂ! ಕಿಟಕಿ ಸೂಪರ್! ನಿಮ್ಮ ಬಟ್ಟೆ ಅಂಗಡಿಯೇ ಇಲ್ಲಿಗೆ ಬಂದ ಹಾಗಿದೆ!’ ನಾನು ಕಿಟಕಿಯಿಂದ ಮಹಾರಾಣಿಯ ಹಾಗೆ ಕೈ ಬೀಸಿದೆ.

ಅಷ್ಟರಲ್ಲಿ ಇನ್‌ಸ್ಪೆಕ್ಟರಮ್ಮ ಗೋಡೆ ಹಿಡಿದುಕೊಂಡು ಬಂದರು. ‘ಅಷ್ಟು ಹೊಗಳ್ತಿದಾರಲ್ಲ, ನಾನೂ ನೋಡೋಣ’ ಎಂದು ಕೈ ಚಾಚಿ ಒಂದೊಂದನ್ನೇ ಮುಟ್ಟಿದರು. ನಕ್ಷತ್ರ ಮುಟ್ಟಿದರು, ಟೇಪು ಸಿಕ್ಕಿತು. ಕೊಂಬೆ ಮುಟ್ಟಿದರು, ತಂತಿಯ ತುದಿ ಚುಚ್ಚಿತು. ಮತ್ತೆ ಟೇಪು, ಮತ್ತೆ ಸ್ಟೇಪಲ್ ಪಿನ್ನು, ರಟ್ಟಿನ ಚೂರು.

‘ಇದೆಲ್ಲ ಬೆನ್ನಲ್ವೇನೇ?’ ಅಂದರು.

‘ಏನು ಬೆನ್ನು?’

‘ನೀನು ಎಲ್ಲದರ ಮುಖಾನೂ ಆಚೆ ಮಾಡಿದೀಯ. ಬೀದಿಯವರಿಗೆ ಕ್ರಿಸ್‌ಮಸ್ಸು, ಮನೆಯವರಿಗೆ ಬೆನ್ನು.’

ಮೈಯೆಲ್ಲ ಉರಿದುಹೋಯಿತು. ಕುರ್ಚಿಯನ್ನು ತಳ್ಳಿಕೊಂಡು ಸೋಫಾದ ಹತ್ತಿರ ಹೋಗಿ, ಅಲ್ಲಿಂದ ತಿರುಗಿ ನೋಡಿದೆ. ಅವರು ಹೇಳಿದ್ದು ನಿಜ. ಸೋಫಾದಲ್ಲಿ ಕೂತವರಿಗೆ ಏಳು ಕಂದು ಕಾಗದದ ತೇಪೆಗಳು, ತಂತಿಯ ಗೋಜಲು, ಜೊತೆಗೆ ಜಾಮ್ ಬಾಟಲಿಗಳ ಲೇಬಲ್ಲು. ಕೈ ತಾನಾಗಿಯೇ ಹಾಗೆ ಮಾಡಿದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಕಿಟಕಿಯನ್ನೂ ನಾನು ಒಳಗಿನಿಂದ ನೋಡಿದವಳಲ್ಲ. ಒಳಗೆ ನಿಂತಿರುತ್ತೇನೆ, ಆದರೆ ನೋಡುವುದು ಆಚೆಗೆ ಓಡಿಹೋಗಿ, ರಸ್ತೆ ದಾಟಿ ನಿಂತು.

ಇದನ್ನು ಅವರ ಮುಂದೆ ಒಪ್ಪಿಕೊಳ್ಳುವುದಿಲ್ಲ, ಸತ್ತರೂ ಇಲ್ಲ.

ಡಿಸೆಂಬರ್ 9, ಮಂಗಳವಾರ

ನಕ್ಷತ್ರಗಳನ್ನು ಒಳಮುಖ ಮಾಡಿದೆ. ಧೂಳು ಕೂತಿತ್ತು, ಒರೆಸಿ ಕಟ್ಟೋಣವೆಂದು ತೆಗೆದೆ, ಅಷ್ಟೆ. ಎರಡು ಹರಿದವು. ಇನ್‌ಸ್ಪೆಕ್ಟರಮ್ಮ ಕೆಮ್ಮಿದರು. ಆ ಕೆಮ್ಮಿಗೆ ಅರ್ಥವಿತ್ತು.

ಡಿಸೆಂಬರ್ 10, ಬುಧವಾರ

ಟೇಪು ನಿಲ್ಲುತ್ತಿಲ್ಲ. ಪೈನ್ ಕೊಂಬೆಯ ಅಂಟಿಗೆ ಬಿಟ್ಟುಕೊಂಡು ಬೀಳುತ್ತದೆ. ಮೂರನೇ ಸಲ ಬಿದ್ದಾಗ ಇನ್‌ಸ್ಪೆಕ್ಟರಮ್ಮ ಕೂತಲ್ಲಿಂದಲೇ ‘ದಾರ ಕೊಡು ಇಲ್ಲಿ’ ಅಂದರು.

ಕೊಟ್ಟೆ. ಆಮೇಲೆ ನಡೆದದ್ದನ್ನು ಬರೆಯಲೇಬೇಕು. ಅವರು ಪಾರ್ಸೆಲ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕಟ್ಟು ಕಟ್ಟುವ ಕೆಲಸದಲ್ಲಿದ್ದರು ಎಂದು ಕೇಳಿ ಗೊತ್ತಿತ್ತು, ಕಣ್ಣಾರೆ ನೋಡಿರಲಿಲ್ಲ. ಹಲ್ಲಿನಲ್ಲಿ ದಾರದ ತುದಿ ಹಿಡಿದು, ಎರಡು ಬೆರಳಿನಲ್ಲಿ ಒಂದು ಸುತ್ತು, ಹೆಬ್ಬೆರಳಿನಲ್ಲಿ ಒಂದು ಒತ್ತು, ಅಷ್ಟರಲ್ಲಿ ಗಂಟು ಬಿದ್ದೇಬಿಟ್ಟಿತು. ನಾನು ಇಡೀ ಬೆಳಗ್ಗೆ ಒದ್ದಾಡಿದ ಕೊಂಬೆಯ ಸಾಲು ಹತ್ತು ನಿಮಿಷದಲ್ಲಿ ಬಿಗಿಯಾಗಿ ನಿಂತಿತು.

‘ಇಲ್ಲಿ ಈ ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳತ್ತೆ’ ಅಂದರು. ‘ಗಂಟು ಅಂದ್ರೆ ಬಿಗಿಯಾಗಿರಬೇಕು, ಆದ್ರೆ ಪಾರ್ಸೆಲ್ ತೆಗೆಯೋಳಿಗೆ ಉಗುರು ಮುರೀಬಾರದು.’

‘ತೆಗೆಯೋಳು ಯಾರು ಅಂತ ನಿಮಗೇನು ಗೊತ್ತು?’

‘ಗೊತ್ತಿಲ್ಲ. ಆದ್ರೂ ಯಾರೋ ಒಬ್ಬಳು ತೆಗೀತಾಳಲ್ಲ.’

ನನ್ನ ಗಂಟುಗಳನ್ನೂ ಪರೀಕ್ಷೆ ಮಾಡಿದರು. ಐದರಲ್ಲಿ ನಾಲ್ಕು ಫೇಲು. ಒಂದನ್ನು ಪಾಸು ಮಾಡಿದ್ದೂ ಕರುಣೆಯಿಂದ ಎಂದು ಹೇಳಿದರು.

ಡಿಸೆಂಬರ್ 13, ಶನಿವಾರ

ಕಿತ್ತಳೆ ಹಣ್ಣನ್ನು ತೆಳ್ಳಗೆ ಬಿಲ್ಲೆಯಾಗಿ ಕೊಯ್ದು ಒಣಗಿಸಿದರೆ ಬಣ್ಣದ ಗಾಜಿನ ಹಾಗೆ ಬೆಳಕು ತೂರುತ್ತದೆ. ಓವನ್ನನ್ನು ತೀರ ಸಣ್ಣ ಉರಿಯಲ್ಲಿಟ್ಟು ನಾಲ್ಕು ಗಂಟೆ, ಅರ್ಧ ಗಂಟೆಗೊಮ್ಮೆ ಮಗುಚಬೇಕು. ನಾನು ಕುರ್ಚಿಯಲ್ಲಿ ಹಾಗೇ ತೂಕಡಿಸಿಬಿಟ್ಟೆ.

‘ಏಯ್, ಎದ್ದೇಳು! ಅಂಚು ಹತ್ತಿಕೊಳ್ತಿದೆ!’ ಅತ್ತೆ ತಮ್ಮ ಕೋಣೆಯಿಂದ ಕೂಗಿದರು.

ಹೋಗಿ ನೋಡಿದರೆ ಹೊಗೆಯೇ ಇಲ್ಲ. ಸುಮ್ಮನೆ ಎಬ್ಬಿಸಿದರು ಎಂದುಕೊಂಡು ತಟ್ಟೆ ಎಳೆದರೆ ಮೂಲೆಯ ಎರಡು ಬಿಲ್ಲೆಯ ಅಂಚು ಆಗಷ್ಟೇ ಕಂದಾಗುತ್ತಿತ್ತು. ಎರಡು ಬಾಗಿಲಿನ ಆಚೆಯಿಂದ ವಾಸನೆ ಹಿಡಿದಿದ್ದರು! ಆಮೇಲೆ ಅವರನ್ನೇ ಅಡುಗೆಮನೆಯಲ್ಲಿ ಕೂರಿಸಿದೆ. ‘ಈಗ ಮಗುಚು’, ‘ಈಗ ಬೇಡ’, ‘ಈಗ ತೆಗಿ’. ಗಡಿಯಾರದ ಅಗತ್ಯವೇ ಬೀಳಲಿಲ್ಲ. ಉಳಿದ ಒಂದು ಇಡೀ ಕಿತ್ತಳೆಗೆ ಅವರು ಲವಂಗ ಚುಚ್ಚಿದರು, ಸುರುಳಿ ಸುರುಳಿಯಾಗಿ, ಮುಟ್ಟಿ ಮುಟ್ಟಿ ಅಂತರ ಅಳೆಯುತ್ತಾ. ಮನೆಯಿಡೀ ಘಮ್ಮೆನ್ನುತ್ತಿದೆ. ಇಬ್ಬರ ಬೆರಳುಗಳೂ ಅಂಟಂಟು. ಮಧ್ಯಾಹ್ನದ ಊಟಕ್ಕೆ ಬ್ರೆಡ್ಡು ತಿಂದೆವು, ಇಬ್ಬರಿಗೂ ಒಲೆ ಬಿಟ್ಟುಕೊಡುವ ಮನಸ್ಸಿರಲಿಲ್ಲ.

ಡಿಸೆಂಬರ್ 14, ಭಾನುವಾರ

ಇವತ್ತು ಬರೆಯುವುದು ಸ್ವಲ್ಪ ಕಷ್ಟ.

ಕಿತ್ತಳೆ ಬಿಲ್ಲೆಗಳನ್ನೆಲ್ಲ ತೂಗುಹಾಕಿ, ಬಿಸಿಲು ಬಂದಾಗ ಅತ್ತೆಯನ್ನು ಸೋಫಾದಲ್ಲಿ ಕಿಟಕಿಯ ನೇರಕ್ಕೆ ಕೂರಿಸಿದೆ. ‘ನಡುವಿನ ನಕ್ಷತ್ರದ ಸುತ್ತ ಹೇಗೆ ಕಾಣ್ತಿದೆ ಹೇಳಿ’ ಅಂದೆ.

‘ನಡುವೆ ಏನೂ ಇಲ್ವಲ್ಲೇ.’

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅಲ್ಲ. ಆಗ ಹೇಳಿದರು. ಅವರ ಕಣ್ಣಿನಲ್ಲಿ ನಡುಭಾಗ ಹೋಗಿದೆಯಂತೆ. ಯಾವುದನ್ನು ನೇರ ನೋಡುತ್ತಾರೋ ಅದೇ ಕಾಣುವುದಿಲ್ಲ, ಅಲ್ಲಿ ಹೊಗೆಯಂಥ ಒಂದು ಮಚ್ಚೆ. ಪಕ್ಕಗಳು ಮಾತ್ರ ಮಸುಕಾಗಿ ಉಳಿದಿವೆ. ಡಾಕ್ಟರ್ ಇವರಿಗೆ ಹೇಳಿದ್ದಾರೆ. ಇವರು ನನಗೆ ‘ಕಣ್ಣು ಮಂಜು’ ಎಂದು ಎರಡೇ ಪದದಲ್ಲಿ ಮುಗಿಸಿದ್ದಾರೆ. ಗಾರ್ಡ್ ಸಾಹೇಬರು ಬರಲಿ, ಇದೆ ಅವರಿಗೆ.

‘ಹಾಗಾದ್ರೆ ನನ್ನ ಮುಖ?’ ಎಂದು ಕೇಳಿದೆ.

‘ನೇರ ನೋಡಿದ್ರೆ ನಿನಗೆ ಕತ್ತಿನ ಮೇಲೆ ತಲೇನೇ ಇರಲ್ಲ’ ಎಂದು ನಕ್ಕರು. ‘ನಿನ್ನ ಕಿವಿ ಕಡೆ ನೋಡಿದ್ರೆ ಮುಖ ಸ್ವಲ್ಪ ಸಿಗತ್ತೆ. ಮೂಗು, ಬಾಯಿ, ಸಿಟ್ಟು ಎಲ್ಲಾನೂ. ಅದಕ್ಕೇ ಯಾವಾಗ್ಲೂ ಕಿವೀನೇ ನೋಡೋದು. ನೀನು ಕಿವಿಯೋಲೆ ಯಾವತ್ತು ಬದಲಾಯಿಸ್ತೀಯ ಅಂತಾನೂ ನನಗೆ ಗೊತ್ತು.’

ಎಂಟು ತಿಂಗಳು. ಅವರು ಪ್ರತಿ ಸಲ ಮುಖ ತಿರುಗಿಸಿದಾಗಲೂ ನನ್ನನ್ನು ನೋಡಲು ಪ್ರಯತ್ನಪಡುತ್ತಿದ್ದರು. ನಾನು ಅದನ್ನೇ ತಿರಸ್ಕಾರ ಅಂದುಕೊಂಡು ಒಳಗೊಳಗೇ ಲೆಕ್ಕ ಇಟ್ಟಿದ್ದೆ. ನಾಚಿಕೆಯಾಯಿತು. ಎದ್ದುಹೋಗಿ ಮುಖ ತೊಳೆದುಕೊಂಡು ಬಂದೆ.

ಡಿಸೆಂಬರ್ 16, ಮಂಗಳವಾರ

ನಡುವಿನದೆಲ್ಲ ತೆಗೆದುಹಾಕಿದೆ. ದೊಡ್ಡ ನಕ್ಷತ್ರವನ್ನು ಎಡ ಅಂಚಿಗೆ ಒಯ್ದೆ, ದೀಪದ ಬಾಟಲಿಗಳನ್ನು ಎರಡೂ ಮೂಲೆಗೆ ರಾಶಿ ಮಾಡಿದೆ, ಕಿತ್ತಳೆ ಬಿಲ್ಲೆಗಳನ್ನು ಚೌಕಟ್ಟಿನ ಎರಡು ಪಕ್ಕಕ್ಕೆ ಉದ್ದುದ್ದ ಇಳಿಬಿಟ್ಟೆ. ಕಸುಬಿನ ಮೊದಲ ಪಾಠ ಮರೆಯುವುದಕ್ಕೆ ಎರಡು ದಿನ ಹಿಡಿಯಿತು. ಕೈ ಪದೇ ಪದೇ ನಡುವಿಗೇ ಹೋಗುತ್ತದೆ.

ಪ್ರತಿಯೊಂದನ್ನೂ ಕಟ್ಟಿ, ಸೋಫಾದಲ್ಲಿ ಕೂತು, ಒಂದು ಹಿಡಿ ಅಗಲದ ರಟ್ಟನ್ನು ಮೂಗಿನ ಮುಂದೆ ಹಿಡಿದುಕೊಂಡು ನೋಡಿದೆ. ಆ ರಟ್ಟಿನ ಪಕ್ಕಗಳಲ್ಲಿ ಏನು ಕಾಣುತ್ತದೋ ಅದು ಮಾತ್ರ ಲೆಕ್ಕಕ್ಕೆ. ಡ್ಯೂಟಿ ಮುಗಿಸಿ ಒಳಗೆ ಬಂದ ಇವರು, ಹೆಂಡತಿ ಮುಖಕ್ಕೆ ರಟ್ಟು ಹಿಡಿದು ಕೂತಿರುವುದನ್ನು ನೋಡಿ ಬಾಗಿಲಲ್ಲೇ ನಿಂತರು. ‘ಎರಡು ಪದದಲ್ಲಿ ಹೇಳಿ ಮುಗಿಸಿದ್ರಲ್ಲ, ಬನ್ನಿ ಇಲ್ಲಿ’ ಎಂದು ಅವರ ಮೂಗಿಗೂ ರಟ್ಟು ಹಿಡಿದೆ. ಅವರು ತುಂಬಾ ಹೊತ್ತು ಹಾಗೇ ಕೂತಿದ್ದರು. ಬೈಯಬೇಕೆಂದಿದ್ದೆ, ಬೈಯಲಿಲ್ಲ.

ಬಾಗಿಲಿಗೆ ಒಂದು ಸಣ್ಣ ಗಂಟೆ ಕಟ್ಟಿದ್ದೇವೆ. ಊಟದ ಮೇಜಿನ ಅಂಚಿಗೆ ಉಣ್ಣೆ ದಾರದ ಜಡೆ ಓಡಿಸಿದ್ದೇವೆ. ಕೈ ಸವರಿಕೊಂಡು ಹೋದರೆ ಪ್ರತಿ ಕುರ್ಚಿಯ ಹತ್ತಿರ ಒಂದು ಪೈನ್ ಕಾಯಿ ಸಿಗುತ್ತದೆ. ಅತ್ತೆಯ ಕುರ್ಚಿಯ ಹತ್ತಿರ ದಾಲ್ಚಿನ್ನಿ ಚಕ್ಕೆ.

ಡಿಸೆಂಬರ್ 17, ಬುಧವಾರ

ಗಡಿಯಾರದವರು ಕೂಗಿದರು: ‘ಮೇಡಂ, ಏನಾಯ್ತು? ಎಲ್ಲ ಹಿಂದೆಮುಂದೆ ಆಗಿದೆ! ನಡುವೆ ಖಾಲಿ!’

‘ನಿಮಗಲ್ಲ ಅದು!’ ಎಂದು ಅತ್ತೆ ನನಗಿಂತ ಮೊದಲೇ ಕೂಗಿ ಹೇಳಿದರು.

ಪಾಪ, ಅವರು ಹೆದರಿ ಒಳಗೆ ಹೋದರು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಡಿಸೆಂಬರ್ 19, ಶುಕ್ರವಾರ

ನಾದಿನಿ ಫೋನ್ ಮಾಡಿದ್ದಳು. ಅಮ್ಮನ ಕೋಣೆಗೆ ತಿಳಿ ಹಳದಿ ಬಣ್ಣ ಹೊಡೆಸಿದ್ದಾಳಂತೆ. ಸ್ನಾನದ ಮನೆಗೆ ಹಿಡಿಕೆ ಹಾಕಿಸಿದ್ದಾಳಂತೆ. ಎರಡು ಟಿಕೆಟ್ ಆಗಿದೆ. ‘ತುಂಬಾ ಒಳ್ಳೇದಾಯ್ತು’ ಅಂದೆ.

ಪ್ಲಾಸ್ಟರಿನ ಒಳಗೆ ವಿಪರೀತ ತುರಿಕೆ. ಅದಕ್ಕೇ ಮನಸ್ಸು ಸರಿಯಿಲ್ಲ.

ಡಿಸೆಂಬರ್ 21, ಭಾನುವಾರ

ಅಂಗಡಿಯ ಹೊಸ ಹುಡುಗಿ ನನ್ನನ್ನು ನೋಡಲು ಬಂದಿದ್ದಳು. ಒಳ್ಳೆಯ ಹುಡುಗಿ, ಸ್ವಲ್ಪ ಗಾಬರಿ ಸ್ವಭಾವ. ಅತ್ತೆ ಅವಳಿಗೆ ಬಿಚ್ಚುವ ಗಂಟು ಕಲಿಸಿದರು. ಎರಡನೇ ಸಲಕ್ಕೇ ಕಲಿತಳು, ನನಗೆ ನಾಲ್ಕು ದಿನ ಹಿಡಿದಿತ್ತು. ‘ಕೈ ಚೆನ್ನಾಗಿದೆ’ ಎಂದು ಅತ್ತೆ ಅವಳನ್ನು ಹೊಗಳಿದರು. ನನ್ನನ್ನು ಇನ್ನೂ ಹೊಗಳಿಲ್ಲ. ನಾನು ಅದನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದೇನೆ.

ಅವಳು ಹೋದ ಮೇಲೆ ನೆನಪಾಯಿತು, ಅಂಗಡಿಯ ಕಿಟಕಿಗಳು ಹೇಗೆ ಬಂದಿವೆ ಎಂದು ನಾನು ಕೇಳಲೇ ಇಲ್ಲ.

ಡಿಸೆಂಬರ್ 24, ಬುಧವಾರ

ಪ್ಲಾಸ್ಟರ್ ಬಿಚ್ಚಿದರು. ಒಳಗಿನ ಕಾಲು ಬಿಳಿಚಿಕೊಂಡು, ಸಿಪ್ಪೆ ಸುಲಿದ ಆಲೂಗಡ್ಡೆಯ ಹಾಗಿದೆ. ಡಾಕ್ಟರ್ ನಿಧಾನಕ್ಕೆ ಓಡಾಡಿ ಅಂದರು. ಓಡಾಡಿದೆ. ಮೊದಲು ಮಾಡಿದ ಕೆಲಸ, ಅತ್ತೆಯ ಕೈ ಹಿಡಿದುಕೊಂಡು ಇಡೀ ಮನೆ ಒಂದು ಸುತ್ತು ಹಾಕಿದ್ದು. ಇಬ್ಬರಲ್ಲಿ ಯಾರು ಯಾರನ್ನು ಹಿಡಿದುಕೊಂಡಿದ್ದೆವೋ ಹೇಳುವುದು ಕಷ್ಟ. ನನಗೆ ಕಾಲಿಲ್ಲ, ಅವರಿಗೆ ಕಣ್ಣಿಲ್ಲ.

ಸಂಜೆ ಇವರು ಡ್ಯೂಟಿ ಮುಗಿಸಿ ಬಂದರು. ಎರಡೂ ಮೂಲೆಯ ದೀಪ ಹಚ್ಚಿದೆವು. ಅತ್ತೆ ಸೋಫಾದಲ್ಲಿ ಕೂತು ಕಿಟಕಿಯ ಖಾಲಿ ನಡುವಿಗೆ ಕಣ್ಣು ನೆಟ್ಟರು. ‘ಎಡಕ್ಕೆ ಬೆಳಕು... ಬಲಕ್ಕೂ ಬೆಳಕು. ಕೆಂಪಗೆ ತೂಗ್ತಿರೋದು ಕಿತ್ತಳೆ ಅಲ್ವಾ?’ ಅಂದರು. ಹೌದು ಅಂದೆ. ‘ಎಲ್ಲಾ ಕಾಣ್ತಿದೆ ಕಣೇ’ ಅಂದರು.

ನನ್ನ ಯಾವ ಕಿಟಕಿಗೂ ಯಾರೂ ಹಾಗೆ ಅಂದಿಲ್ಲ. ಬಹಳ ಸಂತೋಷವಾಗಿದೆ, ಇದಕ್ಕಿಂತ ಬೇರೆ ಮಾತು ಹುಡುಕುವುದಿಲ್ಲ.

ಡಿಸೆಂಬರ್ 25, ಗುರುವಾರ

ಬರೆಯಲು ಪುರುಸೊತ್ತಿಲ್ಲ. ಒಳ್ಳೆಯ ದಿನ.

ಡಿಸೆಂಬರ್ 26, ಶುಕ್ರವಾರ

ನಾದಿನಿ ಬಂದಳು. ಬಾಗಿಲ ಗಂಟೆ, ಮೇಜಿನ ಜಡೆ, ಕಿಟಕಿ ಎಲ್ಲ ನೋಡಿ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಊಟ ಮಾಡುತ್ತಾ ಮಾಡುತ್ತಾ ಚಮಚ ಕೆಳಗಿಟ್ಟು ಇಬ್ಬರನ್ನೂ ನೋಡಿದಳು.

‘ಒಂದು ವಿಷಯ ಹೇಳ್ತೀನಿ, ಇಬ್ಬರೂ ಬೇಜಾರು ಮಾಡ್ಕೋಬಾರದು. ಒಂದನೇ ತಾರೀಕು ಅಮ್ಮ ಫೋನ್ ಮಾಡಿ, ಇವಳ ಜೊತೆ ಏಗೋಕಾಗಲ್ಲ, ಬಂದು ಕರ್ಕೊಂಡು ಹೋಗು ಅಂದ್ಲು. ಮೂರನೇ ತಾರೀಕು ಅತ್ತಿಗೆ ಫೋನ್ ಮಾಡಿ ಅದನ್ನೇ ಅಂದ್ರು. ಈಗ ಇಲ್ಲಿ ನೋಡಿದ್ರೆ ಒಂದೇ ಪಲಾವಿನ ಬಟ್ಟಲಿಂದ ಲವಂಗ ಹೆಕ್ಕುತಾ ಕೂತಿದೀರ.’

ಇವರು ನೀರು ಕುಡಿಯುತ್ತಿದ್ದವರು ಕೆಮ್ಮಿಬಿಟ್ಟರು. ಅತ್ತೆಯ ಮುಖ ಕೆಂಪಾಯಿತು. ನನ್ನದೂ ಆಗಿರಬೇಕು. ಅವರೇ ಮೊದಲು ಫೋನ್ ಮಾಡಿದ್ದರಂತೆ, ನನಗಿಂತ ಎರಡು ದಿನ ಮೊದಲು! ಸಿಟ್ಟು ಬರಬೇಕಿತ್ತು, ನಗು ಬಂತು. ಆದರೆ ‘ಟಿಕೆಟ್ ಆಗಿದೆಯಲ್ಲ’ ಎಂದು ಅತ್ತೆ ತಟ್ಟೆಯ ಅಂಚು ಸವರುತ್ತಾ ಅಂದರು. ‘ಹೌದು, ಕೋಣೆಗೆ ಬಣ್ಣಾನೂ ಆಗಿದೆ’ ಎಂದು ನಾನೂ ಅಂದೆ. ಅಷ್ಟಕ್ಕೇ ನಿಂತಿತು.

ಇದೇ ಸರಿ. ಅಲ್ಲಿ ಲಿಫ್ಟ್ ಇದೆ, ಸ್ನಾನದ ಮನೆಗೆ ಹಿಡಿಕೆ ಇದೆ, ಇಡೀ ದಿನ ಮಗಳು ಮನೆಯಲ್ಲಿರುತ್ತಾಳೆ. ನಾನು ಐದನೇ ತಾರೀಕಿನಿಂದ ಕೆಲಸಕ್ಕೆ ಹೋಗುವವಳು. ಮಗಳ ಆಸೆಗೆ ಅಡ್ಡ ಬರುವುದಕ್ಕೆ ನಾನು ಯಾರು? ನನಗೆ ಸಮಾಧಾನವಾಗಿಯೇ ಇದೆ.

ಮಧ್ಯಾಹ್ನ ಕೂತು ನಾದಿನಿಗೆಂದು ಒಂದು ಚೀಟಿ ಬರೆದೆ, ಅತ್ತೆಯ ಬಗ್ಗೆ ತಿಳಿದಿರಬೇಕಾದ ಒಂದೆರಡು ವಿಷಯ. ಮಾತ್ರೆಗಳ ಹೊತ್ತು, ಅಷ್ಟೇ ಅಂದುಕೊಂಡಿದ್ದೆ. ಬರೆದು ನೋಡಿದರೆ ನಾಲ್ಕು ಪುಟ. ಇನ್ನೂ ಏನೋ ಬಿಟ್ಟುಹೋಗಿದೆ ಅನ್ನಿಸುತ್ತಿದೆ.

ಡಿಸೆಂಬರ್ 27, ಶನಿವಾರ

ಹನ್ನೆರಡೂವರೆಗೆ ಟ್ಯಾಕ್ಸಿ ಹೇಳಿದ್ದೆವು. ಹನ್ನೆರಡಕ್ಕೇ ಅತ್ತೆ ಸ್ವೆಟರ್ ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಕೂತಿದ್ದರು. ಸೂಟ್‌ಕೇಸಿಗೆ ಅವರೇ ದಾರ ಕಟ್ಟಿದ್ದರು. ನಾನು ನಾದಿನಿಯ ಕೈಗೆ ಚೀಟಿ ಕೊಟ್ಟು, ‘ರೈಲಲ್ಲಿ ಓದ್ಕೋ’ ಅಂದೆ.

ಅವಳು ಅಲ್ಲೇ ಓದಲು ಶುರುಮಾಡಿದಳು. ಮೊದಲು ಮನಸ್ಸಿನಲ್ಲಿ. ಆಮೇಲೆ ಯಾಕೋ ತಲೆ ಎತ್ತಿ ಅಮ್ಮನನ್ನು ನೋಡಿ, ಮೊದಲಿನಿಂದ ಗಟ್ಟಿಯಾಗಿ ಓದಿದಳು. ಬೇಡ ಅಂದೆ, ಕೇಳಲಿಲ್ಲ.

‘ಒಂದು. ಲೋಟವನ್ನು ನೇರ ಮುಂದೆ ಇಡಬೇಡ, ಎಡಗಡೆ ಇಡು. ಎರಡು. ಕುರ್ಚಿ ಸರಿಸಿದರೆ ಬಾಯಿಬಿಟ್ಟು ಹೇಳು. ಮೂರು. ಮಾತಾಡುವಾಗ ನಿನ್ನ ಕಿವಿ ನೋಡುತ್ತಾರೆ. ಮುಖ ತಿರುಗಿಸಿದರು ಅಂದುಕೊಳ್ಳಬೇಡ, ನಿನ್ನನ್ನೇ ನೋಡುತ್ತಿರುತ್ತಾರೆ. ನಾಲ್ಕು. ಏನೋ ಹತ್ತಿಕೊಳ್ಳುತ್ತಿದೆ ಅಂದರೆ ಹೊಗೆ ಕಾಣದಿದ್ದರೂ ನಂಬು. ಐದು. ನನಗೇನೂ ಬೇಡ ಅಂದರೆ ಐದು ನಿಮಿಷ ಬಿಟ್ಟು ಇನ್ನೊಂದು ಸಲ ಕೇಳು. ಆರು. ದಿನಾ ಏನಾದರೂ ಕಟ್ಟುವ ಕೆಲಸ ಕೊಡು, ಕೈ ಖಾಲಿ ಇದ್ದರೆ ಸೊರಗುತ್ತಾರೆ...’

ಇವರು ಬಾಗಿಲ ಹತ್ತಿರ ಸೂಟ್‌ಕೇಸ್ ಹಿಡಿದು ನಿಂತಿದ್ದವರು ನಿಧಾನಕ್ಕೆ ಕೆಳಗಿಟ್ಟರು.

‘...ಹದಿನೆಂಟು. ಜಗಳಕ್ಕೆ ಬಂದರೆ ತಿರುಗಿ ಜಗಳ ಮಾಡು. ಸುಮ್ಮನಿದ್ದರೆ ಅವರಿಗೆ ಬೇಜಾರಾಗುತ್ತದೆ. ಹತ್ತೊಂಬತ್ತು. ನಕ್ಕಾಗ ಅವರ ಪಕ್ಕದಲ್ಲಿರು, ಅವರು ನಗುವುದನ್ನು ತಪ್ಪಿಸಿಕೊಳ್ಳಬೇಡ.’

ಹತ್ತೊಂಬತ್ತನೆಯದನ್ನು ನಾನು ಬರೆದಿದ್ದೆ ಎಂಬುದೇ ನನಗೆ ನೆನಪಿರಲಿಲ್ಲ. ನಾದಿನಿ ಕಾಗದವನ್ನು ಕೆಳಗಿಳಿಸಿ, ‘ಅತ್ತಿಗೆ, ಇಷ್ಟೆಲ್ಲ ಕಲಿಯೋಕೆ ನನಗೆ ಎಷ್ಟು ವರ್ಷ ಬೇಕು? ಒಂದು ಮಾತು ಬಾಯಿಬಿಟ್ಟು ಹೇಳಿ. ಆ ಹಳದಿ ಕೋಣೆ ಎಲ್ಲೂ ಓಡಿಹೋಗಲ್ಲ, ಬೇಸಿಗೇಲಿ ಇಬ್ಬರೂ ಬಂದು ಇರಿ ಬೇಕಾದ್ರೆ’ ಅಂದಳು.

‘ಅತ್ತೆ ಇಲ್ಲೇ ಇರಲಿ’ ಅಂದೆ. ಧ್ವನಿ ನನ್ನದೋ ಅಲ್ಲವೋ ಅನ್ನುವ ಹಾಗಿತ್ತು. ‘ನೀವು ಹೋದ್ರೆ ನನಗೆ ಆಗಲ್ಲ ಅತ್ತೆ.’

ಅತ್ತೆ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು ಕೂತೇ ಇದ್ದರು. ಕೆಳಗೆ ರಸ್ತೆಯಲ್ಲಿ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದೆವು.

‘ಇನ್ನೊಂದ್ಸಲ ಓದು’ ಅಂದರು ಮಗಳಿಗೆ. ‘ಮೊದಲಿಂದ.’

ನಾದಿನಿ ಮೂಗು ಒರೆಸಿಕೊಂಡು ಒಂದನೆಯದರಿಂದ ಶುರುಮಾಡಿದಳು. ಟ್ಯಾಕ್ಸಿ ಮತ್ತೆ ಹಾರ್ನ್ ಹೊಡೆಯಿತು. ಅವನನ್ನು ಕಳಿಸಿಬಿಟ್ಟು ಬರ್ತೀನಿ ಎಂದು ಇವರು ಚಪ್ಪಲಿ ಮೆಟ್ಟಿದರು. ಯಾರೂ ಬೇಡ ಅನ್ನಲಿಲ್ಲ.